ಒದ್ದೆ ಕೈಗೆ ಮೆಷಿನ್ ಪ್ಯಾನೆಲ್ ಒಪ್ಪುತ್ತೆ, ಫೋನ್ ಯಾಕೆ ಒಪ್ಪಲ್ಲ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಘಟಕ. ದಿನವಿಡೀ ಕೈ ನೀರಲ್ಲೇ ಇರುತ್ತದೆ. ಮೆಷಿನ್‌ನ ಹಳೇ ಟಚ್ ಪ್ಯಾನೆಲ್ ಒದ್ದೆ ಬೆರಳಿಗೂ ಕೆಲಸ ಮಾಡುತ್ತಿತ್ತು. ದುಬಾರಿ ಫೋನ್ ಮಾತ್ರ ಮಾತೇ ಕೇಳಲ್ಲ. ಈಗ ಪ್ಯಾನೆಲ್ ಕೈಕೊಟ್ಟಿದೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ತಗೊಳ್ಳುತ್ತೆ. ಮೆಕ್ಯಾನಿಕ್ ಮೊಬೈಲ್ ಥರದ್ದೇ ಹಾಕಿಸಿ ಅಂತಾರೆ. ಹಾಕಿಸಲಾ? – ಒಬ್ಬ ರೀಲರ್

ಉತ್ತರ: ನೂಲು ತೆಗೆಯುವ ನೀರಿನ ತೊಟ್ಟಿ, ಅಂದರೆ ಬೇಸಿನ್ ಪಕ್ಕಕ್ಕಾದರೆ ಬೇಡ ಸರ್. ನಿಮ್ಮ ಪ್ಯಾನೆಲ್ ಬಹುಶಃ ರೆಸಿಸ್ಟಿವ್, ಫೋನ್ ಕೆಪಾಸಿಟಿವ್. ಮೊದಲನೆಯದು ಒತ್ತಡ ನೋಡುತ್ತದೆ, ಎರಡನೆಯದು ವಿದ್ಯುತ್ತಿನ ಏರುಪೇರು ನೋಡುತ್ತದೆ. ತಾಪತ್ರಯ ಇರೋದು ಇಲ್ಲೇ.

ರೆಸಿಸ್ಟಿವ್‌ನಲ್ಲಿ ಕೆಳಗೆ ಗಾಜು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಎರಡರ ಒಳಮೈಗೂ ಕರೆಂಟ್ ಹರಿಯುವ ಪಾರದರ್ಶಕ ಲೇಪನ ಇರುತ್ತೆ, ಸುಮ್ನೆ ಸುಮ್ನೆ ತಾಗದಿರಲಿ ಅಂತ ಮಧ್ಯೆ ಕಣ್ಣಿಗೆ ಬೀಳದಷ್ಟು ಸಣ್ಣ ಚುಕ್ಕೆಗಳು. ಒತ್ತಿದಾಗ ಹಾಳೆ ಬಗ್ಗಿ ಗಾಜಿಗೆ ತಾಗುತ್ತದೆ. ತಾಗಿದ ಕಡೆ ವೋಲ್ಟೇಜ್ ಎಷ್ಟಿದೆ ಅಂತ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಅಳೆದು ಜಾಗ ಹಿಡಿಯುತ್ತದೆ. ಒತ್ತಿದ್ದು ಒದ್ದೆ ಬೆರಳೋ, ಗ್ಲೌಸೋ, ಪೆನ್ನಿನ ಕ್ಯಾಪೋ, ಅದಕ್ಕೆ ಬೇಕಿಲ್ಲ.

ಫೋನಿನ ಗಾಜಿನಡಿ ಸಣ್ಣ ಗೆರೆಗಳ ಜಾಲ ಇದೆ. ನಮ್ಮ ಮೈ ವಿದ್ಯುತ್ ವಾಹಕ, ಅದಕ್ಕೇ ಬೆರಳು ಹತ್ತಿರ ಬಂದರೆ ಸಾಕು, ಆ ಜಾಗದಲ್ಲಿ ಗೆರೆಗಳ ನಡುವಿನ ವಿದ್ಯುತ್ ಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಒತ್ತುವುದೇ ಬೇಡ. ಆದರೆ ನೀರೂ ವಾಹಕ ಅಲ್ವಾ? ಅದರಲ್ಲೂ ಬೇಸಿನ್ ನೀರು, ಉಪ್ಪಿನಂಶ, ಗೂಡಿನ ಅಂಟು ಎಲ್ಲ ಸೇರಿದ್ದು. ಬೆರಳಿನ ಜೊತೆ ನೀರಿನ ಪದರ ಹರಡಿಕೊಂಡರೆ ಬೆರಳು ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಅಂತ ಫೋನ್‌ಗೆ ಗೊತ್ತಾಗಲ್ಲ. ಗೂಡಿನ ಹರಾಜಿನಲ್ಲಿ ರೇಟ್ ಒತ್ತುವಾಗ ಹೀಗಾದರೆ ಕಥೆ ಏನಾಗುತ್ತೆ, ನಿಮಗೇ ಗೊತ್ತು.

ಅಂದಹಾಗೆ, ಯಾವುದು ಹಳೇದು ಅನ್ನೋ ಲೆಕ್ಕ ಬಿಡಿ. ಕೆಪಾಸಿಟಿವ್ ಬಗ್ಗೆ ಇಂಗ್ಲೆಂಡಿನ ಇ.ಎ. ಜಾನ್ಸನ್ 1965ರಲ್ಲೇ ಬರೆದಿದ್ದರು. ಅಮೆರಿಕದ ಸ್ಯಾಮ್ ಹರ್ಸ್ಟ್ ಅವರ ರೆಸಿಸ್ಟಿವ್ ಪರದೆ ಬಂದಿದ್ದು ಆಮೇಲೆ, 1970ರ ದಶಕದಲ್ಲಿ. ಕೆಪಾಸಿಟಿವ್ ಎಲ್ಲರ ಜೇಬಿಗೆ ಬಂದಿದ್ದು ಮಾತ್ರ 2007ರ ಐಫೋನ್ ನಂತರವೇ.

ಈಗ ನಿಮ್ಮ ಪ್ಯಾನೆಲ್. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ತಗೊಳ್ಳುತ್ತೆ ಅಂದರೆ ಅದು ಸತ್ತಿಲ್ಲ, ಅಳತೆ ತಪ್ಪಿದೆ ಅಷ್ಟೇ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಟಚ್ ಕ್ಯಾಲಿಬ್ರೇಷನ್ ಇದ್ದರೆ ಮೊದಲು ಅದನ್ನು ಮಾಡಿಸಿ. ಮೂಲೆಗಳಲ್ಲಿ ಬರುವ ಗುರುತುಗಳನ್ನು ಒಂದೊಂದಾಗಿ ಒತ್ತಿದರೆ ಮುಗೀತು, ಖರ್ಚಿಲ್ಲ. ಆಮೇಲೂ ಸರಿಹೋಗದಿದ್ದರೆ, ಇಲ್ಲವೇ ದಿನಾ ಒತ್ತುವ ಸ್ಟಾರ್ಟ್ ಬಟನ್ ಜಾಗವೊಂದೇ ಕೆಲಸ ಮಾಡದಿದ್ದರೆ, ಹಾಳೆ ಸವೆದಿರಬಹುದು. ಎಷ್ಟೋ ಪ್ಯಾನೆಲ್‌ಗಳಲ್ಲಿ ಮೇಲಿನ ಟಚ್ ಗ್ಲಾಸ್ ಮಾತ್ರ ಬದಲಾಯಿಸಬಹುದು, ಇಡೀ ಪ್ಯಾನೆಲ್ ಬೇಡ. ಹಿಂದಿನ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ. ಹೊಸ ಪ್ಯಾನೆಲ್ಲೇ ಬೇಕಾದರೆ ಐದು ವೈರಿನದ್ದು ಸಿಗುತ್ತಾ ಕೇಳಿ. ನಾಲ್ಕು ವೈರಿನದ್ದರಲ್ಲಿ ಅಳತೆಗೆ ಮೇಲಿನ ಹಾಳೆಯೂ ಬೇಕು, ಹಾಳೆ ಸವೆದಂತೆ ಲೆಕ್ಕವೂ ತಪ್ಪುತ್ತದೆ. ಐದು ವೈರಿನದ್ದರಲ್ಲಿ ಅಳತೆ ಪೂರ್ತಿ ಕೆಳಗಿನ ಗಾಜಿನ ಮೇಲೆ, ಹಾಗಾಗಿ ಜಾಸ್ತಿ ಬಾಳಿಕೆ ಬರುತ್ತೆ.

ರೆಸಿಸ್ಟಿವ್‌ಗೂ ಕೊರತೆ ಇದೆ. ಚಿತ್ರ ಸ್ವಲ್ಪ ಮಂಕು, ಎರಡು ಬೆರಳಿನ ಆಟ ಸಾಮಾನ್ಯವಾಗಿ ನಡೆಯಲ್ಲ, ಚೂಪಾದ್ದು ತಾಗಿದರೆ ಹಾಳೆ ಹರಿಯುತ್ತೆ. ಹರಿದ ಕಡೆ ಹಬೆ ಒಳಗೆ ಹೋದರೆ ಕೆಲಸ ಕೆಟ್ಟಿತು. ಒದ್ದೆ ಕೈಗಂತಲೇ ಮಾಡಿದ ಕೆಪಾಸಿಟಿವ್ ಪ್ಯಾನೆಲ್‌ಗಳೂ ಇವೆ, ಆದರೆ ಮೆಕ್ಯಾನಿಕ್ ಹೇಳುತ್ತಿರುವುದು ಅದೇನಾ ಅಂತ ಕೇಳಿ. ಅಂಗಡಿಯಲ್ಲೇ ಕೈ ಒದ್ದೆ ಮಾಡಿಕೊಂಡು ಒತ್ತಿ ನೋಡದೆ ದುಡ್ಡು ಕೊಡಬೇಡಿ.

ಫೋನ್‌ಗೆ ಒಣ ಬಟ್ಟೆ ಇಟ್ಟುಕೊಳ್ಳಿ, ಬೆರಳೂ ಗಾಜೂ ಎರಡನ್ನೂ ಒರೆಸಿ. ಚಾರ್ಜ್‌ಗೆ ಹಾಕಿದಾಗ ಮಾತ್ರ ತಾನಾಗಿ ಒತ್ತಿಕೊಳ್ಳುತ್ತಿದ್ದರೆ ನೀರನ್ನು ಬೈಯಬೇಡಿ. ಕಳಪೆ ಚಾರ್ಜರಿನ ವಿದ್ಯುತ್ ಗದ್ದಲಕ್ಕೂ ಹಾಗಾಗುತ್ತೆ, ಬೇರೆ ಚಾರ್ಜರ್ ಹಾಕಿ ನೋಡಿ.