ಗುಡ್ಡದ ಕೇಪಳವನ್ನು ಬೆಂಗಳೂರಿನ ಮನೆಯಲ್ಲಿ ಬೆಳೆಸಬಹುದೇ?

ಊರಿನ ಗುಡ್ಡದಿಂದ ಕಿತ್ತು ತಂದ ಕೆಂಪು ಕೇಪಳ (ಇಕ್ಸೋರಾ ಎಂಬ ಹೂಗಿಡ) ಒಣಗಿತು, ಇನ್ನೊಂದರ ಎಲೆ ಹಳದಿಯಾಗುತ್ತಿದೆ, ಸಸಿ ಮಾಡುವ ಬಗೆ ಹೇಗೆ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಖಂಡಿತ ಬೆಳೆಸಬಹುದು. ಆದರೆ ದಯವಿಟ್ಟು ಇನ್ನು ಮುಂದೆ ಗುಡ್ಡದ ಗಿಡವನ್ನು ಕೀಳಬೇಡಿ. ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲಿನ) ಸಂದಿಗೆ ಬೇರಿಳಿಸಿದ ಗಿಡವನ್ನು ಎಳೆದಾಗ ನೀರು ಹೀರುವ ಸಣ್ಣ ಬೇರುಗಳೆಲ್ಲ ಕಲ್ಲಿನಲ್ಲೇ ಉಳಿದುಬಿಡುವುದರಿಂದ ಅದು ಬದುಕುವುದು ಅಪರೂಪ; ಗುಡ್ಡವೂ ಬರಿದಾಗುತ್ತದೆ.

ನನ್ನ ಒಲವು ಬೀಜದ ಕಡೆಗೆ. ಹಣ್ಣು ಕೆಂಪು ಬಣ್ಣದಿಂದ ಕಡುನೇರಳೆಗೆ ತಿರುಗಿ, ಒತ್ತಿದರೆ ಮೆತ್ತಗಾಗುವ ಹೊತ್ತಿಗೆ, ಹಕ್ಕಿಗಳಿಗೂ ಮಕ್ಕಳಿಗೂ ಸಾಕಷ್ಟು ಉಳಿಸಿ, ನಾಲ್ಕಾರು ಹಣ್ಣುಗಳನ್ನು ಮಾತ್ರ ಕೊಯ್ದುಕೊಳ್ಳಿ. ಒಳಗೆ ಸಾಮಾನ್ಯವಾಗಿ ಎರಡು ಬೀಜಗಳಿರುತ್ತವೆ. ಅವುಗಳ ಒಂದು ಮಗ್ಗುಲು ಉಬ್ಬಿದ್ದು ಇನ್ನೊಂದು ಮಗ್ಗುಲು ತಗ್ಗಾಗಿರುತ್ತದೆ. ತಿರುಳನ್ನು ತೊಳೆದು, ಬೀಜವನ್ನು ಒಣಗಲು ಬಿಡದೆ, ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ತೆಳುವಾಗಿ ಮುಚ್ಚಿ ನೆರಳಿನಲ್ಲಿಡಿ. ಮೊಳಕೆ ನಿಧಾನ, ಮೊದಲ ಹೂವು ಇನ್ನೂ ನಿಧಾನ.

ಬೇಗ ಹೂ ಬೇಕಿದ್ದರೆ ಕಡ್ಡಿಯಿಂದ ಸಸಿ ಮಾಡಬಹುದು. ಮಳೆಗಾಲದ ಆರಂಭದಲ್ಲಿ, ಹೂವಿಲ್ಲದ ರೆಂಬೆಯಿಂದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ 10–15 ಸೆಂ.ಮೀ. ಉದ್ದದ ಕಡ್ಡಿಯನ್ನು ಗಂಟಿನ ಕೆಳಗೆ ಕತ್ತರಿಸಿ, ಮೇಲಿನ ಎರಡು ಎಲೆಗಳನ್ನಷ್ಟೇ ಉಳಿಸಿ, ಬೇರು ಬರಿಸುವ ಹಾರ್ಮೋನ್ ಪುಡಿಯಲ್ಲಿ ಅದ್ದಿ, ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ನೆಡಿ. ಪ್ಲಾಸ್ಟಿಕ್ ಹೊದಿಕೆಯಿಂದ ತೇವ ಕಾಪಾಡಿದರೆ ಆರರಿಂದ ಎಂಟು ವಾರಗಳಲ್ಲಿ ಬೇರು ಬರುತ್ತದೆ. ಅಲ್ಲಿಯವರೆಗೆ ಕಡ್ಡಿಯನ್ನು ಎಳೆದು ನೋಡಬಾರದು.

ಇನ್ನು ಹಳದಿ ಎಲೆಯ ವಿಷಯ. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಕೇಪಳಕ್ಕೆ ಹುಳಿ (ಆಮ್ಲೀಯ) ಮಣ್ಣು ಬೇಕು. ಕರಾವಳಿಯ ಮುರಕಲ್ಲಿನ ಮಣ್ಣು ಸಹಜವಾಗಿಯೇ ಹಾಗಿರುತ್ತದೆ. ಬೋರ್‌ವೆಲ್‌ನ ಗಡಸು ನೀರು, ಗೋಡೆಯ ಬುಡದಲ್ಲಿ ಬಿದ್ದ ಸಿಮೆಂಟಿನ ಚೂರು ಇವೆರಡೂ ಮಣ್ಣನ್ನು ಕ್ಷಾರೀಯಗೊಳಿಸುವುದರಿಂದ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಹಾಗಾಗಿ ಗೋಡೆಯಿಂದ ದೂರ ನೆಡಿ, ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಬುಡಕ್ಕೆ ಹಾಕಬೇಡಿ, ಎಲೆಗೊಬ್ಬರ ಧಾರಾಳವಾಗಿ ಕೊಡಿ, ಸಾಧ್ಯವಾದಷ್ಟು ಮಳೆನೀರನ್ನೇ ಹಿಡಿದಿಟ್ಟು ಹಾಕಿ. ತುರ್ತಿಗೆ ಚೀಲೇಟೆಡ್ ಕಬ್ಬಿಣವನ್ನು (ಬೇರಿಗೆ ಸುಲಭವಾಗಿ ದಕ್ಕುವ ರೂಪದ ಕಬ್ಬಿಣವನ್ನು) ಪೊಟ್ಟಣದ ಮೇಲಿನ ಪ್ರಮಾಣದಂತೆ ಕೊಡಬಹುದು. ಹೂಗೊಂಚಲು ತುಂಬಿ ಬರಬೇಕಾದರೆ ದಿನದ ಹೆಚ್ಚಿನ ಹೊತ್ತು ಬಿಸಿಲು ಬೀಳುವ ಜಾಗವನ್ನೇ ಆರಿಸಿಕೊಳ್ಳಿ.