ಜ್ವಾಲಾಮುಖಿಯ ಮೇಲಿನ ಅಳತೆ ನಂಬಬಹುದಾ?

ಮೌನಾ ಲೋವಾ ಬೆಟ್ಟವೇ ಕಾರ್ಬನ್ ಡೈಆಕ್ಸೈಡ್ ಉಗುಳುತ್ತದೆ, ಹಾಗಿರುವಾಗ ಅಲ್ಲಿನ ಗಾಳಿಯಲ್ಲಿ ಅಳೆದ ಆ ಅನಿಲದ ಪ್ರಮಾಣವನ್ನು ಇಡೀ ಭೂಮಿಯ ಲೆಕ್ಕ ಅಂತ ಹೇಗೆ ಒಪ್ಪೋದು ಅಂತ ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. 1958ರಲ್ಲಿ ಹವಾಯಿಯ ಆ ಬೆಟ್ಟದ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ ಅಳತೆ ಶುರು ಮಾಡಿದ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರಿಗೂ ಇದು ಗೊತ್ತಿತ್ತು.

ಜ್ವಾಲಾಮುಖಿಯ ಅನಿಲ ಬರೋದು ಹೆಚ್ಚಾಗಿ ರಾತ್ರಿ, ಗಾಳಿ ಶಿಖರದಿಂದ ಕೆಳಗಿಳಿಯುವಾಗ. ಅದು ಬಂದರೆ ತಕ್ಷಣ ಗೊತ್ತಾಗುತ್ತದೆ, ಯಾಕಂದ್ರೆ ಅಳತೆ ನಿಮಿಷ ನಿಮಿಷಕ್ಕೂ ಏರಿಳಿಯುತ್ತದೆ. ಸಾಗರ ದಾಟಿ ಬಂದ ಶುದ್ಧ ಗಾಳಿಯಾದರೆ ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ. ಕುಣಿದಾಡುವ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ಮಧ್ಯಾಹ್ನ ಕೆಳಗಿನ ಕಾಡಿನಿಂದ ಮೇಲೇರುವ ಗಾಳಿಯಲ್ಲಿ ಈ ಅನಿಲ ಕಮ್ಮಿ ಇರುತ್ತದೆ, ಅದನ್ನೂ ಬಿಡುತ್ತಾರೆ. ಅಂದರೆ ಹೆಚ್ಚು ತೋರಿಸೋದನ್ನು ಮಾತ್ರ ಆರಿಸಿಕೊಳ್ಳುತ್ತಾರೆ ಅನ್ನೋ ಅನುಮಾನಕ್ಕೆ ಜಾಗ ಇಲ್ಲ.

ಸುಮ್ನೆ ಮೌನಾ ಲೋವಾ ಒಂದನ್ನೇ ನಂಬಬೇಕಾಗಿಯೂ ಇಲ್ಲ. ದಕ್ಷಿಣ ಧ್ರುವದಲ್ಲಿ ಹತ್ತಿರದಲ್ಲೆಲ್ಲೂ ಜ್ವಾಲಾಮುಖಿ ಇಲ್ಲ, ಮರವೂ ಇಲ್ಲ, ಆದರೂ ಅಲ್ಲಿ ಅಳೆದ ಅಂಕಿಗಳನ್ನು ನಕ್ಷೆಯಲ್ಲಿ ಬರೆದರೆ ಬರುವ ಗೆರೆಯೂ ಮೌನಾ ಲೋವಾದ ಗೆರೆಯ ಹಾಗೆಯೇ ಏರುತ್ತಿದೆ.

ನನಗೆ ಬಹಳ ಇಷ್ಟವಾಗೋದು ಮೌನಾ ಲೋವಾದ ಗೆರೆಯ ಗರಗಸದ ಹಲ್ಲು. ಪ್ರತಿ ಮೇ ತಿಂಗಳಲ್ಲಿ ತುದಿ ಮುಟ್ಟುತ್ತದೆ, ಉತ್ತರ ಗೋಳದ ಗಿಡಮರ ಚಿಗುರಿ ಅನಿಲ ಹೀರಿಕೊಂಡ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಇಳಿಯುತ್ತದೆ. ಇಡೀ ಭೂಮಿ ಉಸಿರಾಡೋದು ಕಾಣುತ್ತದೆ, ಅಲ್ವಾ? ಆದರೆ ಪ್ರತಿ ವರ್ಷವೂ ಹಿಂದಿನ ವರ್ಷಕ್ಕಿಂತ ಮೇಲೆ. ಶುರುವಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇದ್ದದ್ದು ಈಗ 420 ದಾಟಿದೆ.

ಇನ್ನೊಂದು ಮಾತು. ಇದು ಜ್ವಾಲಾಮುಖಿಯ ಅನಿಲವಾಗಿದ್ದರೆ ಗಾಳಿಯ ಆಮ್ಲಜನಕ ಕಮ್ಮಿಯಾಗಬೇಕಾಗಿರಲಿಲ್ಲ. ಕಲ್ಲಿದ್ದಲು, ಪೆಟ್ರೋಲ್ ಉರಿಸಿದರೆ ಆಮ್ಲಜನಕ ಖರ್ಚಾಗುತ್ತದೆ. ಕೀಲಿಂಗ್ ಅವರ ಮಗ ರಾಲ್ಫ್ ಅದನ್ನೇ ಅಳೆದರು, ಅದು ನಿಜಕ್ಕೂ ಕಮ್ಮಿಯಾಗುತ್ತಿದೆ.