ಚಹಾದ ಜೊತೆ ಹೇಳುವ ಕಥೆಯಲ್ಲ ಅದು

ಯಾದಗಿರಿಯಿಂದ ಬಂದ ಈ ಪತ್ರವನ್ನು ಓದಿ ಸಿಟ್ಟು ತಡೆಯಲಾಗಲಿಲ್ಲ. ಬರೆದ ತಂಗಿಯ ಮೇಲಲ್ಲ.

ವಿಷಯ ಇಷ್ಟು. ಎರಡು ವರ್ಷದ ಹಿಂದೆ ಶಹಾಪುರದಿಂದ ತಮ್ಮನ ಬೈಕಿನಲ್ಲಿ ಬರುವಾಗ ಹತ್ತಿ ಹೇರಿದ ಲಾರಿ ಬಡಿಯಿತು. ತಮ್ಮ ಸ್ಥಳದಲ್ಲೇ ತೀರಿಕೊಂಡ, ಇವರು ಉಳಿದರು. ಇಂದಿಗೂ ರಸ್ತೆಯಂಚಿನ ಜಾಲಿಮುಳ್ಳಿಗೆ ಸಿಕ್ಕಿಕೊಂಡ ಹತ್ತಿಯ ಎಳೆ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ನಿದ್ದೆಯಂತೂ ದೂರ. ಕಣ್ಣು ಆಡಿಸಿ ಮಾಡುವ ಚಿಕಿತ್ಸೆಯೊಂದಿದೆ, ಮೂರ್ನಾಲ್ಕು ಸಲ ಹೋದರೆ ಸಾಕು ಎಂದು ಹೈದರಾಬಾದಿನಲ್ಲಿರುವ ಗಂಡನ ಗೆಳೆಯ ಹೇಳಿದ್ದಾನೆ. ಅದು ವಶೀಕರಣ, ಹೋಗಬೇಡ ಎಂದು ಹಿರಿಯ ನೆಗೆಣ್ಣಿ ತಡೆದಿದ್ದಾರೆ. ಹೋಗಲೇ, ಬೇಡವೇ ಎಂಬುದು ಪ್ರಶ್ನೆ.

ಆದರೆ ಹೆಸರು ಬರೆಯುವ ಮುಂಚೆ ಒಂದು ಸಾಲು ಸೇರಿಸಿದ್ದೀರಿ: ‘ಮನೆಗೆ ಬಂದವರ ಮುಂದೆಲ್ಲ ನೆಗೆಣ್ಣಿ ನನ್ನ ಬಾಯಿಂದಲೇ ಹೇಳಿಸುತ್ತಾರೆ, ಡಾಕ್ಟರ ಮುಂದೆಯೂ ಹೇಳಬೇಕಲ್ಲ ಎಂಬುದೇ ಭಯ.’ ತಂಗೀ, ನಿಮ್ಮ ಪತ್ರದ ತಿರುಳು ಇದೇ. ಸುರಪುರದಿಂದ ಬೀಗರು ಬಂದರೆ ಚಹಾ ಇಟ್ಟು, ‘ಕೊನೆಗೆ ನಿನ್ನ ತಮ್ಮ ಏನಂದ, ಹೇಳು’ ಎನ್ನುವುದು ಸಾಂತ್ವನವಲ್ಲ, ಹಿಂಸೆ. ನೊಂದವರ ಕಥೆ ನೊಂದವರಿಗೇ ಸೇರಿದ್ದು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಇಷ್ಟು ದಿನ ಪಕ್ಕದಲ್ಲಿ ಕುಳಿತು ಸುಮ್ಮನೆ ಕೇಳಿಸಿಕೊಂಡ ನಿಮ್ಮ ಗಂಡನದೂ ತಪ್ಪೇ.

ಈಗ ಚಿಕಿತ್ಸೆಯ ಮಾತು. ಇದು ವಶೀಕರಣವಲ್ಲ, ನೀವು ಪೂರ್ತಿ ಎಚ್ಚರವಾಗಿರುತ್ತೀರಿ. ಇದರ ಮೂಲ 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ ರೂಪಿಸಿದ ಇಎಂಡಿಆರ್, ಅಂದರೆ ಕಣ್ಣು ಆಡಿಸುತ್ತಾ ನೋವಿನ ನೆನಪನ್ನು ಹಗುರ ಮಾಡುವ ಪದ್ಧತಿ. ಆಘಾತದ ನಂತರ ಕಾಡುವ ಮಾನಸಿಕ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಮೂರ್ನಾಲ್ಕು ಸಲ ಎಂದು ಗೆಳೆಯ ಹೇಳಿದ್ದು ಬಹುಶಃ ಎಆರ್‌ಟಿ (ಆಕ್ಸಲರೇಟೆಡ್ ರೆಸಲ್ಯೂಶನ್ ಥೆರಪಿ) ಎಂಬ ಚಿಕ್ಕ ಅವಧಿಯ ಪದ್ಧತಿಯನ್ನು. 2008ರಲ್ಲಿ ಲೇನಿ ರೋಸೆನ್‌ಜ್ವೈಗ್ ಆರಂಭಿಸಿದ ಇದು ಸಾಮಾನ್ಯವಾಗಿ ಒಂದರಿಂದ ಐದು ಭೇಟಿಗಳಲ್ಲಿ ಮುಗಿಯುತ್ತದೆ, ಆದರೆ ಇದರ ಬಗ್ಗೆ ನಡೆದ ಅಧ್ಯಯನಗಳು ಇಎಂಡಿಆರ್‌ಗಿಂತ ಕಡಿಮೆ. ಚಿಕಿತ್ಸಕರು ನಿಮ್ಮ ಮುಂದೆ ಕೈಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾರೆ. ಕಣ್ಣು ಕೈಯ ಹಿಂದೆ ಹೋಗುತ್ತಿರುವಾಗ ನೀವು ಆ ದೃಶ್ಯವನ್ನು ಮನಸ್ಸಿನಲ್ಲೇ ನೋಡಬೇಕು. ನಡುನಡುವೆ ನಿಲ್ಲಿಸಿ ಮೈಯಲ್ಲಿ ಏನಾಗುತ್ತಿದೆ ಎಂದು ಕೇಳುತ್ತಾರೆ. ಕೊನೆಗೆ ಕಾಡುವ ಚಿತ್ರದ ಜಾಗದಲ್ಲಿ ನಿಮಗೆ ಬೇಕಾದ ಚಿತ್ರವನ್ನು ಕೂರಿಸಿಕೊಳ್ಳುತ್ತೀರಿ. ತಮ್ಮನ ನೆನಪು ಅಳಿಯುವುದಿಲ್ಲ, ಚಿತ್ರದ ಇರಿತ ಕಡಿಮೆಯಾಗಲಿ ಎಂಬುದಷ್ಟೇ ಉದ್ದೇಶ. ನಿಮಗೆ ಮುಖ್ಯವಾದ ಮಾತೆಂದರೆ, ಎಆರ್‌ಟಿಯಲ್ಲಿ ನಡೆದದ್ದನ್ನು ಬಾಯಿಬಿಟ್ಟು ವಿವರಿಸಲೇಬೇಕೆಂದಿಲ್ಲ. ಇಎಂಡಿಆರ್‌ನಲ್ಲೂ ಎಳೆಎಳೆಯಾಗಿ ಬಿಡಿಸಿ ಹೇಳಿಸುವುದಿಲ್ಲ. ಹಾಗಾಗಿ ಹೋಗಿ.

ಆದರೆ ಮೊಬೈಲಿನಲ್ಲಿ ವಿಡಿಯೊ ನೋಡಿ ಮನೆಯವರ ಬೆರಳಿನ ಹಿಂದೆ ಕಣ್ಣು ಆಡಿಸಬೇಡಿ. ಕೆದಕಿದ ದುಃಖ ಉಕ್ಕಿ ಬಂದಾಗ ಹಿಡಿದು ನಿಲ್ಲಿಸಲು ತರಬೇತಾದವರು ಎದುರಿಗೆ ಇರಲೇಬೇಕು. ಹೈದರಾಬಾದಿಗೆ ಹಣ ಕಟ್ಟುವ ಮುನ್ನ ಈ ವಾರವೇ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ‘ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡೆ, ವಿವರ ಈಗ ಹೇಳಲಾರೆ’ ಎಂದರೆ ಸಾಕು, ಯಾವ ಚಿಕಿತ್ಸೆ ಎಂಬುದು ಆಮೇಲೆ. ಅಷ್ಟರೊಳಗೆ ಅಪರಾತ್ರಿಯಲ್ಲಿ ಎದೆ ಹೊಡೆದುಕೊಂಡರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಆಸ್ಪತ್ರೆಗೆ ಗಂಡನನ್ನು ಕರೆದುಕೊಂಡು ಹೋಗಿ. ನೆಗೆಣ್ಣಿ ಜೊತೆಗೆ ಹೊರಟರೆ ಬೇಡವೆನ್ನುವ ಕೆಲಸ ಗಂಡನದು, ನಿಮ್ಮದಲ್ಲ.